ಬರ್ತೀನಿ ಎಂದು ಹೋಗುವವರು

ನಮ್ಮ ಮನೆಯ ಮುಂಬಾಗಿಲ ಹಿಂದೆ ಮೊಳೆಗೆ ಒಂದು ಸೈಕಲ್ ಹೆಲ್ಮೆಟ್ ನೇತುಹಾಕಿದೆ. ಮೊದಲ ಸಲ ಅದು ಮೇಜಿನ ಮೇಲೆ ಅಂಗಾತ ಬಿದ್ದಿದ್ದನ್ನು ಕಂಡಾಗ, ತೂತು ತೂತಾಗಿದೆಯಲ್ಲ, ನೀರು ಬಸಿಯಲು ಅನುಕೂಲ ಎಂದುಕೊಂಡು ತೊಳೆದ ಹರಿವೆ ಸೊಪ್ಪನ್ನು ಅದರಲ್ಲಿ ಹಾಕಿಟ್ಟಿದ್ದೆ. ಸೊಸೆ ದೀಪಾ ಸೊಪ್ಪನ್ನು ಬುಟ್ಟಿಗೆ ತೆಗೆದಿಟ್ಟು, ಒದ್ದೆ ಹೆಲ್ಮೆಟ್ಟನ್ನು ಹಾಗೆಯೇ ತಲೆಗೆ ಹಾಕಿಕೊಂಡು, "ತಂಪಾಗಿದೆ ಅತ್ತೆ" ಎಂದಳು. ಅಷ್ಟರಲ್ಲಿ ನಾನು ನಾಚಿಕೆಯಿಂದ ಅಡುಗೆಮನೆ ಸೇರಿಯಾಗಿತ್ತು.

ಮಕ್ಕಳೇ, ಮೊನ್ನೆ ಕಳಸದಿಂದ ರಜೆಗೆ ಬಂದಿದ್ದಾಗ ನೀವಿಬ್ಬರೂ ನನ್ನನ್ನೊಂದು ಮಾತು ಕೇಳಿದಿರಿ. ದೀಪತ್ತೆ ಸೈಕಲ್ ಹೊಡೆಯುವುದನ್ನು ಬಿಟ್ಟೇ ಬಿಟ್ಟಿದ್ದರಂತಲ್ಲ, ಮತ್ತೆ ಶುರುವಾಗಿದ್ದು ಹೇಗೆ ಎಂದು. ನಾನು "ಹಿಂಗೇ" ಎಂದು ಸುಮ್ಮನಾದೆ. ನನಗೆ ಎದುರೆದುರು ಕೂತು ಕಥೆ ಹೇಳಲು ಬರುವುದಿಲ್ಲ. ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗುವಾಗಲೂ ಬಾಯಿ ಬಿಡದೆ ಕೈ ಎತ್ತುತ್ತಿದ್ದವಳು ನಾನು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೊಂದು ಸುಖ.

ನಿಮ್ಮ ಮಾವ, ನನ್ನ ಮಗ ಮಹೇಶ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯ ಈ ಎಸ್ಟೇಟಿನಲ್ಲಿ ರೈಟರು. ಬೆಳಗಾಗುತ್ತಲೇ ಆಳುಗಳ ಹಾಜರಿ ಹಾಕಲು ಹೊರಟುಬಿಡುತ್ತಾನೆ. ಮತ್ತೆ ಮನೆಯಲ್ಲಿ ಉಳಿಯುವುದು ನಾನು, ದೀಪಾ, ಇಂಚು. ಮಗುವಿಗೆ ಇಂಚರ ಎಂದು ಚಂದದ ಹೆಸರಿಟ್ಟರು. ನನ್ನ ಬಾಯಲ್ಲಿ ಅದು ಮೊದಲ ದಿನವೇ ಇಂಚು ಆಯಿತು. ಹುಟ್ಟಿದಾಗ ಇದ್ದ ಗಾತ್ರಕ್ಕೆ ಅದೇ ಸರಿಯಾಗಿತ್ತು ಕೂಡ.

ದೀಪಾ ಚಿಕ್ಕಮಗಳೂರಿನ ಹುಡುಗಿ. ಕಾಲೇಜಿಗೆ ಸೈಕಲ್ಲಿನಲ್ಲೇ ಹೋದವಳು. ರಜೆ ಬಂದರೆ ಬಾಬಾಬುಡನ್‌ಗಿರಿಯ ಏರನ್ನೂ ತುಳಿದು ಬಂದವಳಂತೆ. ಮದುವೆಯಾದ ಮೇಲೆ ಬೀರು, ಮಂಚದ ಜೊತೆ ಲಾರಿಯಲ್ಲಿ ಅವಳ ಸೈಕಲ್ಲೂ ಬಂದಿಳಿಯಿತು. ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಕಳಸದ ಬಳಿಯ ನನ್ನ ತೌರೂರಿನಲ್ಲಿ ಇದ್ದದ್ದು ಒಂದೇ ಸೈಕಲ್ಲು, ನಮ್ಮ ಮೇಷ್ಟರದು. ಇಳಿಜಾರಿನಲ್ಲಿ ಅದು ಅವರನ್ನು ಎಳೆದುಕೊಂಡು ಹೋಗುತ್ತಿತ್ತು, ಏರಿನಲ್ಲಿ ಅವರು ಅದನ್ನು ತಳ್ಳಿಕೊಂಡು ಬರುತ್ತಿದ್ದರು. ನಮ್ಮ ಊರು ಏರಿನಲ್ಲೇ ಇದ್ದುದರಿಂದ ಮೇಷ್ಟರು ಸೈಕಲ್ ಹತ್ತಿದ್ದನ್ನು ನಾವು ಕಂಡದ್ದು ಕಮ್ಮಿ. ಸೈಕಲ್ ಎಂದರೆ ತಳ್ಳಿಕೊಂಡು ಓಡಾಡುವ ಒಂದು ಸಾಮಾನು ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಇಂಚು ಹುಟ್ಟಿದ ಮೇಲೆ ಆ ಸೈಕಲ್ಲು ಹಿಂದಿನ ಕೋಣೆ ಸೇರಿತು. ಅದು ಸೇರಿದ್ದು ನನಗೆ ಗೊತ್ತಾಯಿತು, ಅದರ ಜೊತೆಗೆ ದೀಪಾಳೂ ಎಲ್ಲೋ ಸೇರಿಹೋದದ್ದು ತಡವಾಗಿ ಗೊತ್ತಾಯಿತು. ಮಗುವಿಗೆ ಹಾಲು ಕುಡಿಸುತ್ತಾ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ಬಾಣಂತಿಗೆ ಹಾಗೇ, ಸರಿಯಾಗುತ್ತದೆ ಎಂದು ನಾನು ಮೆಣಸಿನ ಸಾರು, ಬೆಳ್ಳುಳ್ಳಿ ಎಂದು ಮಾಡಿ ಮಾಡಿ ಬಡಿಸಿದೆ. ಮಗುವಿಗೆ ಒಂದೂವರೆ ವರ್ಷವಾದರೂ ಗೋಡೆ ನೋಡುವುದು ನಿಲ್ಲಲಿಲ್ಲ. ಮೂಡಿಗೆರೆಯ ಡಾಕ್ಟರಮ್ಮ ಒಂದಿಷ್ಟು ಮಾತಾಡಿಸಿ, ದಿನಾ ಮೈ ಬೆವರುವ ಹಾಗೆ ಏನಾದರೂ ಮಾಡಬೇಕು, ನಿನಗೆ ಏನಿಷ್ಟ ಎಂದು ಕೇಳಿದರು. ದೀಪಾ "ಸೈಕಲ್" ಎಂದಳು. ಅಷ್ಟು ಹೇಳಿದ್ದೇ ಅಳಲು ಶುರುಮಾಡಿದಳು. ನಾನು ಇಂಚುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಅಷ್ಟು ದಿನದಲ್ಲಿ ಅವಳು ಅತ್ತದ್ದು ನಾನು ನೋಡಿದ್ದು ಅದೇ ಮೊದಲು.

ಆಗ ಮಳೆಗಾಲ. ಹೊರಗೆ ಕಾಲಿಡುವ ಹಾಗಿರಲಿಲ್ಲ. ಆದ್ದರಿಂದ ವ್ಯಾಯಾಮ ನಡುಮನೆಯಲ್ಲೇ ಶುರುವಾಯಿತು. ನಮ್ಮ ಕಾಲದಲ್ಲಿ ವ್ಯಾಯಾಮ ಎಂದರೆ ಶಾಲೆಯ ಡ್ರಿಲ್ಲು. ಮನೆಯಲ್ಲಿ ಕೊಡ ಹೊತ್ತು, ಕೊಟ್ಟಿಗೆಗೆ ಸೊಪ್ಪು ಹೊತ್ತು ಬಂದವರಿಗೆ ಬೇರೆ ವ್ಯಾಯಾಮ ಯಾರು ಹೇಳುತ್ತಾರೆ? ಹಾಗಾಗಿ ಒಂದು ಬೆಳಿಗ್ಗೆ ದೀಪಾ ಮೊಣಕೈ ಊರಿ, ಹಲಗೆಯ ಹಾಗೆ ಮೈ ನೇರಮಾಡಿಕೊಂಡು, ಮಂಚದ ಕಡೆ ಮುಖ ಮಾಡಿ ಅಲುಗಾಡದೆ ಇರುವುದನ್ನು ಕಂಡಾಗ, ಏನೋ ಮಂಚದಡಿ ಉರುಳಿಹೋಗಿದೆ ಎಂದುಕೊಂಡೆ. ಕಿವಿಯೋಲೆಯೇ ಇರಬೇಕು ಎಂದು ಟಾರ್ಚು ತಂದು, ನಾನೂ ಅವಳ ಪಕ್ಕದಲ್ಲಿ ಬಗ್ಗಿ ಹುಡುಕಿದೆ. ಅವಳು ಹಲ್ಲು ಕಚ್ಚಿಕೊಂಡು, "ಏನೂ ಬಿದ್ದಿಲ್ಲ ಅತ್ತೆ, ಇದು ಎಕ್ಸರ್‌ಸೈಜು" ಎಂದಳು. ಹೇಳುವಾಗಲೇ ನಗು ಬಂದು ಅವಳೇ ಬಿದ್ದಳು. ಬಿದ್ದವಳ ಬೆನ್ನ ಮೇಲೆ ಇಂಚು ಹತ್ತಿ ಕೂತಳು. ಅವಳಿಗೆ ಅಮ್ಮ ಬಗ್ಗಿದರೆ ಆನೆ, ಮಲಗಿದರೆ ಹಾಸಿಗೆ, ಕೂತೆದ್ದು ಮಾಡಿದರೆ ಜೋಕಾಲಿ. ಅಮ್ಮನ ಕುತ್ತಿಗೆಗೆ ಜೋತುಬಿದ್ದು ಲೆಕ್ಕ ಹಾಕುವುದೂ ಅವಳೇ. "ಒಂದು, ಎಯ್ಡು, ಎಯ್ಡು, ಎಯ್ಡು." ಆ ಲೆಕ್ಕದಲ್ಲಿ ವ್ಯಾಯಾಮ ಮುಗಿಯುವುದೇ ಇಲ್ಲ ಎಂದು ದೀಪಾ ನಗುತ್ತಿದ್ದಳು. ಅವಳು ನಗುವ ಸದ್ದು ಮನೆಯಲ್ಲಿ ಮತ್ತೆ ಕೇಳಿದ್ದು ಹಾಗೆ.

ಮಳೆ ಬಿಟ್ಟ ಮೇಲೆ ಸೈಕಲ್ಲು ಹೊರಗೆ ಬಂತು. ಈ ಗುಡ್ಡದ ಸೀಮೆಯಲ್ಲಿ ಮಟ್ಟಸವಾದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ನಮ್ಮ ಮನೆಯ ಹಿಂದೆಯೇ ಅದು ಇದೆ. ಕುಯ್ಲು ಶುರುವಾಗುವ ತನಕ ಸಿಮೆಂಟಿನ ಕಣ ಖಾಲಿ. ಮೂಡಿಗೆರೆಯ ಸೈಕಲ್ ಅಂಗಡಿಯ ಹನೀಫಣ್ಣ ಮುಂದೊಂದು ಪುಟ್ಟ ಸೀಟು ಕೂರಿಸಿಕೊಟ್ಟರು. ಕೊಡುವಾಗ, ಕಣದಲ್ಲಿ ಎಷ್ಟು ಬೇಕಾದರೂ ಸುತ್ತಿ, ಮಗು ಕೂರಿಸಿಕೊಂಡು ರಸ್ತೆಗೆ ಮಾತ್ರ ಇಳಿಯಬೇಡಿ ಎಂದು ಎರಡೆರಡು ಸಲ ಹೇಳಿದರು. ಆ ತಿರುವುಗಳಲ್ಲಿ ಬರುವ ಲಾರಿಗಳನ್ನು ನೋಡಿದವರು ಹೇಳುವ ಮಾತೇ ಅದು. ಸರಿ, ಬೆಳಿಗ್ಗೆ ಬೆಳಿಗ್ಗೆ ತಾಯಿ ಮಗಳು ಕಣ ಸುತ್ತುವುದು, ನಾನು ಮೂಲೆಯಲ್ಲಿ ಕಾಫಿ ಲೋಟ ಹಿಡಿದು ಕೂರುವುದು. ಎದುರಿಗೆ ಬಂದಾಗಲೆಲ್ಲ ಇಂಚು ಹೊಸದಾಗಿ ಕಂಡವಳ ಹಾಗೆ "ಅಜ್ಜೀ" ಎಂದು ಕೂಗುವಳು.

ಕುಯ್ಲು ಬಂತು. ಕಣದ ತುಂಬ ಕಾಫಿ ಹರವಿದರು. ಇನ್ನು ಸೈಕಲ್ಲಿಗೆ ರಸ್ತೆಯೇ ಗತಿ, ರಸ್ತೆಗೆ ಮಗುವನ್ನು ಒಯ್ಯುವ ಹಾಗಿಲ್ಲ. ತೊಡಕು ಶುರುವಾದದ್ದು ಇಲ್ಲಿ.

ಮೊದಲು ಇಂಚು ಏಳುವ ಮುಂಚೆ ಹೋಗಿ ಬರುವುದೆಂದು ಆಯಿತು. ಆದರೆ ಈ ಮಗುವಿಗೆ ಅದೇನು ಕಿವಿಯೋ, ಪಕ್ಕದಲ್ಲಿ ಮಿಕ್ಸಿ ತಿರುಗಿದರೂ ಏಳದವಳು ಅಮ್ಮ ಶೂ ಹಾಕಿಕೊಂಡರೆ ಎದ್ದುಬಿಡುತ್ತಿದ್ದಳು. ಒಂದು ದಿನ ದೀಪಾ ಹೋದ ಮೇಲೆ ಎದ್ದವಳು ಅಮ್ಮನನ್ನು ಬಚ್ಚಲಲ್ಲಿ, ಪರದೆಯ ಹಿಂದೆ, ಕೊನೆಗೆ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆಸಿ ಅದರೊಳಗೂ ಹುಡುಕಿದಳು. ಆಮೇಲೆ ಇಡೀ ದಿನ ಅಮ್ಮನ ನೈಟಿಯ ಅಂಚು ಬಿಡಲಿಲ್ಲ. ಹೇಳದೆ ಹೋಗುವುದು ಮೋಸ ಅತ್ತೆ, ಇನ್ನು ಹೇಳಿಯೇ ಹೋಗುತ್ತೇನೆ ಎಂದಳು ದೀಪಾ. ಮರುದಿನದಿಂದ ಬಾಗಿಲಲ್ಲಿ ನಿಂತು ಮಗುವಿನ ಮುಖ ನೋಡಿ "ಬರ್ತೀನಿ ಚಿನ್ನ" ಎಂದು ಹೇಳಿ ಹೊರಡತೊಡಗಿದಳು. ಇಂಚು ನೆಲಕ್ಕೆ ಬಿದ್ದು ಹೊರಳಾಡಿ ಅಳತೊಡಗಿದಳು. ಸೈಕಲ್ಲು ಗೇಟು ದಾಟುವುದರೊಳಗೆ ದೀಪಾ ವಾಪಸು ಬರುತ್ತಿದ್ದಳು. ದಿನಾ ಹೀಗೇ. ರಸ್ತೆ ಕಡೆ ಆನೆ ಬಂದಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜು ಬಂದ ದಿನ ಮಾತ್ರ, ಹೇಗೂ ಹೋಗುವ ಹಾಗಿಲ್ಲವಲ್ಲ, ಮನೆಯಲ್ಲಿ ಶಾಂತಿ.

ಟಾಟಾ ಮಾಡಿ ಹೋಗು ಎಂದ ಮಹೇಶ. ಆದರೆ ಇಂಚುವಿಗೆ ಟಾಟಾ ಎಂದರೆ ತಾನೂ ಹೊರಗೆ ತಿರುಗಾಡಲು ಹೋಗುವುದು. ಟಾಟಾ ಎಂದ ಕೂಡಲೇ ಅವಳು ಚಪ್ಪಲಿ ತಂದು, ಎಡದ್ದನ್ನು ಬಲಕ್ಕೆ ಹಾಕಿಕೊಂಡು ಸೈಕಲ್ಲಿನ ಪಕ್ಕ ನಿಂತುಬಿಟ್ಟಳು.

ಈಗ ಮಾತಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹಿರಿಯರು ಕೆಲವು ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಆಡುತ್ತಿರಲಿಲ್ಲ. ಅಕ್ಕಿ ಖಾಲಿ ಎನ್ನಬಾರದು, ತುಂಬಿದೆ ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಹಾವನ್ನು ಹುಳ ಎನ್ನಬೇಕು. ಆ ಸೈಕಲ್ ಮೇಷ್ಟರು ಬಯಲುಸೀಮೆಯವರು. ಒಂದು ದಿನ ನಾನು ತಡವಾಗಿ ಹೋದಾಗ ಕಾರಣ ಕೇಳಿದರು. ದಾರೀಲಿ ಹುಳ ಇತ್ತು ಎಂದೆ. ಒಂದು ಹುಳಕ್ಕೆ ಹೆದರಿ ಶಾಲೆಗೆ ತಡವೇ ಎಂದು ಅವರು ನಕ್ಕರು, ಎಲ್ಲರೂ ನಕ್ಕರು. ಬಿಡಿಸಿ ಹೇಳಲು ನನಗೆ ಬಾಯಿ ಎಲ್ಲಿ ಬರಬೇಕು? ಅದೇ ವಾರ ಶಾಲೆಯ ಮಾಡಿನ ಸಂದಿಯಿಂದ ಒಂದು ಹುಳ ಇಳಿದು ಬಂತು. ಮೇಷ್ಟರು ಮೇಜು ಹತ್ತಿ ನಿಂತರು. ಅಲ್ಲಿಂದಲೇ ನನ್ನ ಕಡೆ ಒಂದು ಸಲ ನೋಡಿದರು.

ಹಾಗೆಯೇ, ಹೊರಡುವವರು ಹೋಗ್ತೀನಿ ಎನ್ನಬಾರದು. ಬರ್ತೀನಿ ಎನ್ನಬೇಕು. ನಿಮ್ಮ ಅಜ್ಜ ಎಸ್ಟೇಟಿನ ಜೀಪು ಓಡಿಸುತ್ತಿದ್ದರು. ಚಾರ್ಮಾಡಿ ಘಾಟಿಯೆಲ್ಲ ಅವರಿಗೆ ಅಂಗೈ ಗೆರೆಯಿದ್ದ ಹಾಗೆ. ದಿನಾ ಜೀಪು ಹತ್ತಿ "ಬತ್ತೀನಿ ಕಣೇ" ಎನ್ನುವರು. ನಾನು ಒಳಗಿನಿಂದ ಹ್ಞೂಂ ಎನ್ನಬೇಕು. ಕೆಲಸದ ಗಡಿಬಿಡಿಯಲ್ಲಿ ನಾನು ಹ್ಞೂಂ ಎನ್ನುವುದನ್ನು ಮರೆತರೆ ಅವರು ಇಂಜಿನ್ನು ಆರಿಸಿ ಇಳಿದು ಬರುವರು. ಅವರು ಮರೆತು ಹೋಗ್ತೀನಿ ಎಂದರೆ ನಾನು ಬಿಡುತ್ತಿರಲಿಲ್ಲ. ಒಳಗೆ ಕರೆದು, ಕೂರಿಸಿ, ಒಂದು ಗುಟುಕು ನೀರು ಕುಡಿಸಿ, ಹೊಸದಾಗಿ ಹೊರಡಿಸುತ್ತಿದ್ದೆ. ಧಣಿಗಳು ಜೀಪಿನಲ್ಲಿ ಕಾಯುತ್ತಿದ್ದರೂ ಅಷ್ಟೇ. ಬೇರೆ ಯಾವ ವಿಷಯದಲ್ಲೂ ನಾನು ಹಾಗೆ ಹಟ ಮಾಡಿದವಳಲ್ಲ.

ದೀಪಾ ಈ ಮನೆಗೆ ಬಂದ ಹೊಸದರಲ್ಲಿ ಒಮ್ಮೆ "ಹೋಗ್ತೀನಿ ಅತ್ತೆ" ಎಂದಿದ್ದಳು. ಅವಳನ್ನೂ ಕೂರಿಸಿ ನೀರು ಕುಡಿಸಿದ್ದೆ. ಮತ್ತೆ ಅವಳ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

ಇಂಚುವಿನ ಅಳುವಿನ ಗುಟ್ಟು ಗೊತ್ತಾದದ್ದು ಬಚ್ಚಲುಮನೆಯಲ್ಲಿ. ನಾನು ಸ್ನಾನ ಮಾಡುತ್ತಿದ್ದೆ. ಅವಳು ಬಾಗಿಲು ಬಡಿದು "ಅಜ್ಜೀ" ಎಂದಳು. ನಾನು ಒಳಗಿನಿಂದ "ಬರ್ತೀನಿ ಇರು ಮಗಾ" ಎಂದೆ. ಹೊರಗೆ ಎದೆಯೊಡೆಯುವ ಹಾಗೆ ಅಳು. ಬರ್ತೀನಿ, ಬರ್ತೀನಿ ಎಂದು ನಾನು ಹೇಳಿದಷ್ಟೂ ಅಳು ಏರಿತು. ಅರೆಬರೆ ಸೀರೆ ಸುತ್ತಿಕೊಂಡು ಹೊರಗೆ ಬಂದರೆ ಮಗು ನನ್ನ ಕಾಲು ತಬ್ಬಿಕೊಂಡು, "ಅಜ್ಜಿ ಬತ್ತೀನಿ ಬೇಡ" ಎಂದಿತು. ದೀಪಾ ಓಡಿಬಂದವಳು ಅಲ್ಲೇ ನಿಂತುಬಿಟ್ಟಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮಗು ತಪ್ಪು ತಿಳಿದಿರಲಿಲ್ಲ. ಅದು ಕಣ್ಣಲ್ಲಿ ಕಂಡದ್ದನ್ನು ತಿಳಿದಿತ್ತು. ಈ ಮನೆಯಲ್ಲಿ ಯಾರು ಬರ್ತೀನಿ ಎಂದರೂ ಮರುಕ್ಷಣ ಅವರು ಇರುವುದಿಲ್ಲ. ಅಪ್ಪ ಬರ್ತೀನಿ ಎಂದು ಮಾಯ. ಅಮ್ಮ ಬರ್ತೀನಿ ಎಂದು ಮಾಯ. ಈಗ ಅಜ್ಜಿಯೂ, ಅದೂ ಬಾಗಿಲು ಹಾಕಿಕೊಂಡು, ಬರ್ತೀನಿ ಎನ್ನುತ್ತಿದ್ದಾಳೆ. ಹೋಗಿ ಬರ್ತೀನಿ ಎಂದು ಹೇಳಿ ನೋಡಿದೆವು. ಅವಳ ಕಿವಿಗೆ ಬಿದ್ದದ್ದು ಬಾಲದ ಬರ್ತೀನಿ ಮಾತ್ರ.

ಸಂಜೆ ದೀಪಾ ಮೆಲ್ಲಗೆ ಕೇಳಿದಳು. "ಅತ್ತೆ, ಹೋಗ್ತೀನಿ ಅಂತ ಇದ್ದ ಹಾಗೆ ಹೇಳಿದ್ರೆ ಅವ್ಳಿಗೆ ತಿಳಿಯುತ್ತೇನೋ."

ನನಗೆ ಬಂದ ಉತ್ತರ ಒಂದೇ. "ಅದೊಂದು ಬೇಡ."

ಹಾಗಾದರೆ ಇಂಚು ದೊಡ್ಡವಳಾಗಲಿ ಬಿಡಿ ಎಂದಳು. ಮರುದಿನ ಸೈಕಲ್ಲು ಹಿಂದಿನ ಕೋಣೆಗೆ ಹೋಯಿತು. ಅದರ ಮೇಲೆ ಮಹೇಶ ಕಾಳುಮೆಣಸಿನ ಚೀಲ ಒರಗಿಸಿದ. ನಡುಮನೆಯ ವ್ಯಾಯಾಮವೂ ದಿನ ಬಿಟ್ಟು ದಿನವಾಗಿ, ವಾರಕ್ಕೊಮ್ಮೆಯಾಗಿ, ನಿಂತುಹೋಯಿತು. ಒಂದು ಮಧ್ಯಾಹ್ನ ನಾನು ಹಿತ್ತಲಿಂದ ಒಳಗೆ ಬರುವಾಗ ದೀಪಾ ಮಗುವನ್ನು ಮಲಗಿಸಿ ಕೂತಿದ್ದಳು. ಗೋಡೆ ನೋಡುತ್ತಿದ್ದಳು.

"ಎಂತಾಯ್ತು ಮಗಾ?" ಎಂದೆ.

"ಏನಿಲ್ಲ ಅತ್ತೆ."

ನಾನು ನಿಂತೇ ಇದ್ದೆ. ಅದೊಂದು ಬೇಡ ಎಂದದ್ದು ಏಕೆಂದು ನಿಮಗೀಗ ಹೇಳುತ್ತೇನೆ. ನಿಮ್ಮ ಅಜ್ಜನನ್ನು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ, ತಳ್ಳುವ ಮಂಚದಲ್ಲಿ ಮಲಗಿದ್ದವರು ತಲೆ ತಿರುಗಿಸಿ "ಬತ್ತೀನಿ ಕಣೇ" ಎಂದಿದ್ದರು. ನಾನು ಮರೆಯದೆ ಹ್ಞೂಂ ಎಂದಿದ್ದೆ. ಇಬ್ಬರೂ ಆಡಬೇಕಾದ್ದನ್ನು ಸರಿಯಾಗಿಯೇ ಆಡಿದ್ದೆವು. ಅವರು ಬರಲಿಲ್ಲ. ಆ ಮೇಲೆ ನನ್ನ ಹಟ ಕಡಿಮೆಯಾಗಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಹೆಚ್ಚಾಯಿತು. ಸರಿಯಾದ ಮಾತು ಹೇಳಿ ಹೋದವರೇ ಬರಲಿಲ್ಲ, ಇನ್ನು ತಪ್ಪು ಮಾತು ಹೇಳಿ ಹೋದವರ ಪಾಡೇನು ಎಂದು ನನ್ನ ಭಯ. ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಒಂದು ಮಾತಿಗೆ ಎಂತಕ್ಕಮ್ಮ ಇಷ್ಟು ಎಂದು ಮಹೇಶ ಕೇಳಿದಾಗಲೂ ಹೇಳಲಿಲ್ಲ.

ಆ ವಾರದಲ್ಲೇ ಒಂದು ದಿನ ಇಂಚು ಒಬ್ಬಳೇ ಆಡುತ್ತಿದ್ದಳು. ಬಟ್ಟೆಯ ಗೊಂಬೆಯನ್ನು ಚಾಪೆಯ ಮೇಲೆ ಕೂರಿಸಿ, ಹೆಗಲಿಗೆ ನನ್ನ ಎಲೆಯಡಿಕೆ ಚೀಲ ಹಾಕಿಕೊಂಡು, "ಬತ್ತೀನಿ ಪಾಪು" ಎಂದಳು. ಬಾಗಿಲ ಹಿಂದೆ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಇಣುಕಿ ಗೊಂಬೆಯನ್ನು ನೋಡಿದಳು. ಓಡಿಬಂದು ಅದನ್ನು ಎತ್ತಿಕೊಂಡು, ಅದರ ಬೆನ್ನು ತಟ್ಟಿ ತಟ್ಟಿ, "ಅಳಬೇಡ, ಅಳಬೇಡ" ಎಂದಳು. ಗೊಂಬೆಗೆ ಆ ಮಾತು ಹೇಳಿ ಅವಳಿಗೇ ಅಳು ಬಂದಿತ್ತು. ನಾನು ಅಕ್ಕಿ ಆರಿಸುವುದನ್ನು ಬಿಟ್ಟು ಅವಳನ್ನು ಎತ್ತಿಕೊಂಡೆ. ಬರ್ತೀನಿ ಎಂಬ ಮಾತು ಕೇಳಿದರೆ ಎದೆ ಹೇಗೆ ಹಿಂಡುತ್ತದೆಂದು ಈ ಮನೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನನಗಾದರೆ ವಯಸ್ಸಾಗಿದೆ. ಅವಳಿಗೇಕೆ ಅದು?

ಮರುದಿನ ಬೆಳಿಗ್ಗೆ ಮಹೇಶ ಹೋದ ಮೇಲೆ ನಾನು ಹಿಂದಿನ ಕೋಣೆಗೆ ಹೋದೆ. ಮೆಣಸಿನ ಚೀಲ ಎಳೆದು ಪಕ್ಕಕ್ಕೆ ಹಾಕಿದೆ. ಸೈಕಲ್ಲನ್ನು ಒರೆಸಿದೆ. ಅದನ್ನು ಹೊರಗೆ ತರಲು ಹೋಗಿ ಪೆಡಲು ಮೊಣಕಾಲಿಗೆ ಬಡಿಯಿತು. ಹ್ಯಾಂಡಲ್ಲು ನಾನು ಹೇಳಿದ ಕಡೆ ತಿರುಗದೆ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. ಸದ್ದಿಗೆ ದೀಪಾ ಎದ್ದು ಬಂದಳು, ಸೊಂಟದ ಮೇಲೆ ಇಂಚು.

"ಅತ್ತೆ, ಎಂತ ಮಾಡ್ತಿದೀರಿ?"

"ಇವತ್ತು ಹೋಗು," ಎಂದೆ. "ಹೋಗ್ತೀನಿ ಅಂತ್ಲೇ ಮಗೀಗೆ ಹೇಳಿ ಹೋಗು."

"ಬೇಡ ಅತ್ತೆ. ನಿಮ್ಗೆ ಆಗಲ್ಲ, ನಂಗೊತ್ತು."

"ನಂಗೆ ಆಗದಿದ್ರೆ ನಾನು ಒಳಗೆ ಹೋಗಿ ಅಳ್ತೀನಿ ಮಾರಾಯ್ತಿ. ನೀನು ಗೋಡೆ ನೋಡ್ಕೊಂಡು ಕೂರಬೇಡ."

ನಾನು ಅಷ್ಟುದ್ದ ಮಾತಾಡಿದ್ದು ನನಗೇ ಹೊಸತು. ದೀಪಾ ನನ್ನನ್ನೇ ನೋಡಿದಳು. ಹೋಗಿ ಶೂ ಹಾಕಿಕೊಂಡು ಬಂದಳು. ಆಮೇಲೆ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು ಹೇಳಿದಳು. "ಇಂಚು, ಅಮ್ಮ ಹೋಗ್ತೀನಿ. ಸೈಕಲ್ಲಲ್ಲಿ ಹೋಗ್ತೀನಿ. ನೀನು ಅಜ್ಜಿ ಹತ್ರ ದೋಸೆ ತಿನ್ನು."

ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಇಂಚುವಿನ ಕೆಳತುಟಿ ಒಮ್ಮೆ ಮುಂದೆ ಬಂತು. ಅವಳು ಅಮ್ಮನ ಶೂ ನೋಡಿದಳು, ಸೈಕಲ್ ನೋಡಿದಳು, ನನ್ನನ್ನು ನೋಡಿದಳು. ಆ ಮಾತನ್ನು ಬಾಯಲ್ಲಿಟ್ಟು ಚೀಪಿ ನೋಡುವವಳ ಹಾಗೆ "ಓಗು" ಎಂದಳು. ತುಟಿ ಒಳಗೆ ಹೋಯಿತು.

ದೀಪಾ ಗೇಟು ದಾಟಿ ಇಳಿಜಾರಿನಲ್ಲಿ ಮರೆಯಾದಳು. ಇಂಚು "ಅಮ್ಮ ಓಯ್ತು" ಎಂದು ಕೈ ಬಿಚ್ಚಿ ತೋರಿಸಿ, ಅಂಗಳದ ಕೋಳಿಯ ಹಿಂದೆ ಹೊರಟಳು. ಆಮೇಲೆ ದೋಸೆ ತಿಂದಳು. ಬೆಲ್ಲ ಕೇಳಿದಳು. ಅಮ್ಮನನ್ನು ಎಲ್ಲೂ ಹುಡುಕಲಿಲ್ಲ.

ಅವಳನ್ನು ಎತ್ತಿಕೊಂಡು ನಾನು ಗೇಟಿನ ಹತ್ತಿರ ಬಂದು ನಿಂತೆ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿತ್ತು, ಕಾಲು ಅಲ್ಲಾಡಲಿಲ್ಲ. ಕೆಲಸಕ್ಕೆ ಹೋಗುವ ಹೆಂಗಸರು ಎಂತ ಅಮ್ಮ, ಇಲ್ಲಿ ನಿಂತಿದ್ದೀರಿ ಎಂದು ಕೇಳಿದರು. ಬಿಸಿಲು ಕಾಯಿಸ್ತಿದೀನಿ ಎಂದೆ. ಬಿಸಿಲು ಇನ್ನೂ ಬಂದಿರಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡಿಕೊಂಡು ಹೋದರು. ದೂರದಲ್ಲಿ ಲಾರಿಯೊಂದು ಹಾರನ್ ಹೊಡೆದಾಗ ನಾನು ಇಂಚುವನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವಳು "ಅಜ್ಜಿ, ಬಿಡು" ಎಂದಳು.

ಕೊನೆಗೆ ತಿರುವಿನಲ್ಲಿ ಆ ಹೆಲ್ಮೆಟ್ಟು ಕಂಡಿತು. ಏರಿನಲ್ಲಿ ತುಳಿಯುತ್ತಲೇ ಬಂದಳು, ಇಳಿದು ತಳ್ಳಲಿಲ್ಲ. ಮುಖ ಕೆಂಪಾಗಿತ್ತು, ಕತ್ತಿನಲ್ಲೆಲ್ಲ ಬೆವರು. ನಮ್ಮನ್ನು ಗೇಟಿನಲ್ಲಿ ಕಂಡು ಗಾಬರಿಯಿಂದ ಇಳಿದಳು.

"ಯಾಕತ್ತೆ ಇಲ್ಲಿ? ಇಂಚು ಅತ್ತಳಾ?"

"ಇಂಚು ಅಳಲಿಲ್ಲ," ಎಂದೆ.

ದೀಪಾ ಸೈಕಲ್ಲನ್ನು ಬೇಲಿಗೆ ಒರಗಿಸಿ, ಹೆಲ್ಮೆಟ್ಟು ತೆಗೆದು, ನನ್ನ ಹತ್ತಿರ ಬಂದು ನಿಂತಳು. ಏದುಸಿರು ಸುಧಾರಿಸಿಕೊಂಡು, ಮಗುವಿಗೆ ಹೇಳುವಷ್ಟೇ ನಿಧಾನವಾಗಿ ನನಗೆ ಹೇಳಿದಳು.

"ಬಂದೆ ಅತ್ತೆ."

ನಾನು ಹ್ಞೂಂ ಎಂದೆ.